ಹುಲಿಗೂ ಬಂತು ಬ್ಯಾರನ್ ಸಾಲದ ಚಿಂತೆ: ಕಿರುತೆರೆಯ ವಿಚಿತ್ರ ಪ್ರಾಣಿಗಳು ನಗಿಸುವುದೇಕೆ?

2025ರ ಅಕ್ಟೋಬರ್ ಮತ್ತು ನವೆಂಬರ್ ತಿಂಗಳುಗಳಲ್ಲಿ ಮೈಸೂರು ಜಿಲ್ಲೆಯ ಸರಗೂರು ಭಾಗದಲ್ಲಿ ಕೆಲವೇ ವಾರಗಳ ಅಂತರದಲ್ಲಿ ರೈತರು ಹುಲಿ ದಾಳಿಗೆ ಬಲಿಯಾದರು. ಹಿಂದೆ ಹೆಗ್ಗಡದೇವನಕೋಟೆ ತಾಲ್ಲೂಕಿಗೇ ಸೇರಿದ್ದ ಈ ಪ್ರದೇಶದಲ್ಲಿ ಜನರ ಆಕ್ರೋಶ ಎಷ್ಟಿತ್ತೆಂದರೆ, ನವೆಂಬರ್‌ನಲ್ಲಿ ನಾಗರಹೊಳೆ ಹಾಗೂ ಬಂಡೀಪುರದ ಸಫಾರಿಯನ್ನೇ ಸರ್ಕಾರ ಸ್ಥಗಿತಗೊಳಿಸಬೇಕಾಯಿತು. ಹುಣಸೂರು, ಪಿರಿಯಾಪಟ್ಟಣ ಮತ್ತು ಎಚ್.ಡಿ.ಕೋಟೆ ತಾಲ್ಲೂಕುಗಳ ಕಾಡಂಚಿನ ಹಳ್ಳಿಗಳಿಗೆ ಆನೆ, ಹುಲಿ, ಚಿರತೆ, ಕಾಡುಹಂದಿಗಳು ಚಿತ್ರಪುಸ್ತಕದ ಪ್ರಾಣಿಗಳಲ್ಲ. ಅವು ಬೆಳೆ, ಜಾನುವಾರು ಮತ್ತು ಕೆಲವೊಮ್ಮೆ ಪ್ರಾಣದ ಲೆಕ್ಕಕ್ಕೆ ಸೇರಿದವು.

ಆದರೆ ಅದೇ ಹಳ್ಳಿಗಳ ಮನೆಗಳಲ್ಲಿ, ವಾರಾಂತ್ಯದ ಹಾಸ್ಯ ಕಾರ್ಯಕ್ರಮದಲ್ಲಿ ಹಳದಿ ಬಟ್ಟೆಗೆ ಕಪ್ಪು ಪಟ್ಟೆ ಬಳಿದುಕೊಂಡ ನಟನೊಬ್ಬ ನಾಲ್ಕು ಕಾಲಿನಲ್ಲಿ ವೇದಿಕೆಗೆ ಬಂದರೆ ಇಡೀ ಮನೆ ನಗುತ್ತದೆ. ಹುಲಿಯನ್ನು ಹತ್ತಿರದಿಂದ ಬಲ್ಲವರೇ ಹುಲಿವೇಷಕ್ಕೆ ಇಷ್ಟು ನಗುವುದು ಹೇಗೆ? ಪ್ರಶ್ನೆ ಹಗುರವಾಗಿ ಕಂಡರೂ ಉತ್ತರ ಹಗುರವಲ್ಲ. ಅದಕ್ಕೆ ನಾಟ್ಯಶಾಸ್ತ್ರದಿಂದ ನರವಿಜ್ಞಾನದವರೆಗೆ, ಕೋಲೆಬಸವನಿಂದ ಬೈಲುಕುಪ್ಪೆಯ ಯಾಕ್ ನೃತ್ಯದವರೆಗೆ ಒಂದು ಸುತ್ತು ಬರಬೇಕಾಗುತ್ತದೆ.

ನಗೆಯ ಲೆಕ್ಕಾಚಾರ

ಹಾಸ್ಯರಸ ಹುಟ್ಟುವುದಕ್ಕೆ ಭರತನ ನಾಟ್ಯಶಾಸ್ತ್ರ ಹೇಳುವ ಮೊದಲ ಕಾರಣಗಳಲ್ಲಿ ವಿಕೃತ ವೇಷ ಮತ್ತು ವಿಕೃತ ಅಲಂಕಾರ ಸೇರಿವೆ. ವಿಕೃತ ಎಂದರೆ ಇಲ್ಲಿ ಅಸಹ್ಯ ಎಂದಲ್ಲ. ಇರಬೇಕಾದಂತೆ ಇಲ್ಲದ್ದು ಎಂದರ್ಥ. ಮನುಷ್ಯನ ಮೈಮೇಲೆ ಪ್ರಾಣಿಯ ಚರ್ಮ, ಪ್ರಾಣಿಯ ಬಾಯಲ್ಲಿ ಮನುಷ್ಯನ ಮಾತು ಇವೆರಡೂ ಈ ವಿವರಣೆಗೆ ನೇರವಾಗಿ ಒಪ್ಪುತ್ತವೆ.

ಫ್ರಾನ್ಸಿನ ತತ್ತ್ವಜ್ಞಾನಿ ಹೆನ್ರಿ ಬರ್ಗ್‌ಸನ್ 1900ರಲ್ಲಿ ಪ್ರಕಟಿಸಿದ ನಗೆಯ ಕುರಿತ ಗ್ರಂಥದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತಾನೆ. ಅವನ ಪ್ರಕಾರ ಮನುಷ್ಯನಿಗೆ ಸಂಬಂಧಿಸದ ಯಾವುದೂ ನಗೆಪಾಟಲಲ್ಲ. ಪ್ರಾಣಿಯೊಂದನ್ನು ಕಂಡು ನಗುತ್ತೇವೆಂದರೆ ಅದರಲ್ಲಿ ಮನುಷ್ಯನ ಹಾವಭಾವವೊಂದು ಕಂಡಿತೆಂದೇ ಅರ್ಥ. ಮರದ ಮೇಲೆ ಸುಮ್ಮನೆ ಕುಳಿತ ಕೋತಿ ನಗೆ ತರಿಸುವುದಿಲ್ಲ. ಅದು ಕೈಕಟ್ಟಿಕೊಂಡು, ಸಾಲ ಕೊಟ್ಟವನಂತೆ ಮುಖ ಗಂಟಿಕ್ಕಿಕೊಂಡು ಕುಳಿತರೆ ನಗೆ ಬರುತ್ತದೆ.

ಮೂರನೆಯ ವಿವರಣೆ ತಮಿಳುನಾಡು ಮೂಲದ ನರವಿಜ್ಞಾನಿ ವಿ.ಎಸ್.ರಾಮಚಂದ್ರನ್ ಅವರದು. 1998ರಲ್ಲಿ ಅವರು ಮುಂದಿಟ್ಟ ವಾದದಂತೆ ನಗು ಎಂಬುದು 'ಸುಳ್ಳು ಅಪಾಯ'ದ ಘೋಷಣೆ. ಪೊದೆಯಲ್ಲಿ ಸದ್ದಾಯಿತು, ಗುಂಪು ಬೆಚ್ಚಿತು, ನೋಡಿದರೆ ಏನೂ ಅಲ್ಲ. ಮೊದಲು ಕಂಡವನು ನಗುವ ಮೂಲಕ ಉಳಿದವರಿಗೆ ಭಯ ಬೇಡವೆಂದು ತಿಳಿಸುತ್ತಾನೆ. ಕಾಡಂಚಿನ ಊರಿನ ಮಟ್ಟಿಗೆ ಈ ವಾದಕ್ಕೆ ವಿಶೇಷ ಅರ್ಥವಿದೆ. ಹುಲಿಯ ಭಯ ನಿಜವಾಗಿರುವಲ್ಲಿಯೇ ಹುಲಿಯಲ್ಲದ ಹುಲಿಯನ್ನು ಕಂಡ ನೆಮ್ಮದಿಯೂ ದೊಡ್ಡದಾಗಿರುತ್ತದೆ. ಭಯವೇ ಇಲ್ಲದವನಿಗೆ ಆ ನೆಮ್ಮದಿಯ ಅಗತ್ಯವೂ ಅಷ್ಟಾಗಿ ಇರುವುದಿಲ್ಲ.

ಅಮೆರಿಕದ ಕಿರುತೆರೆಯಲ್ಲಿ ಇದಕ್ಕೊಂದು ಸ್ಪಷ್ಟ ನಿದರ್ಶನವಿದೆ. ನರಭಕ್ಷಕ ಶಾರ್ಕ್ ಮೀನಿನ ಕಥೆಯ 'ಜಾಸ್' ಚಿತ್ರ 1975ರಲ್ಲಿ ತೆರೆಕಂಡು ಪ್ರೇಕ್ಷಕರನ್ನು ಬೆಚ್ಚಿಬೀಳಿಸಿತು. ಅದೇ ವರ್ಷ 'ಸ್ಯಾಟರ್ಡೇ ನೈಟ್ ಲೈವ್' ಕಾರ್ಯಕ್ರಮದಲ್ಲಿ 'ನೆಲದ ಶಾರ್ಕ್' ಎಂಬ ಪಾತ್ರ ಬಂತು. ಆ ಶಾರ್ಕ್ ಸಮುದ್ರ ಬಿಟ್ಟು ನಗರದ ವಸತಿಗೃಹಗಳ ಬಾಗಿಲು ತಟ್ಟಿ, ಏನೋ ತಲುಪಿಸಲು ಬಂದವನಂತೆ ವಿನಯದಿಂದ ಮಾತನಾಡಿ, ಬಾಗಿಲು ತೆರೆದವರನ್ನು ನುಂಗುತ್ತಿತ್ತು. ಭಯಪಟ್ಟ ಜನರೇ ಕೆಲವು ತಿಂಗಳಲ್ಲಿ ಅದೇ ಪ್ರಾಣಿಗೆ ನಕ್ಕರು.

ನಾಲ್ಕು ತಾಲ್ಲೂಕುಗಳ ಹಳೆಯ ನಟರು

ಪ್ರಾಣಿಪಾತ್ರ ಕಿರುತೆರೆಯ ಆವಿಷ್ಕಾರವಲ್ಲ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ಸೀಮೆಗೆ ಅದು ಬಹಳ ಹಿಂದಿನಿಂದ ಪರಿಚಿತ. ಹಳೇ ಮೈಸೂರು ಭಾಗದ ಮನೆಬಾಗಿಲಿಗೆ ಬರುವ ಕೋಲೆಬಸವನನ್ನೇ ನೋಡಬಹುದು. ಜೂಲು ಹೊದಿಸಿ, ಕೊಂಬಿಗೆ ಅಲಂಕಾರ ಮಾಡಿ, ಕೊರಳಿಗೆ ಗೆಜ್ಜೆ ಕಟ್ಟಿದ ಎತ್ತು ಅಂಗಳದಲ್ಲಿ ನಿಲ್ಲುತ್ತದೆ. ಒಡೆಯ ಪ್ರಶ್ನೆ ಕೇಳುತ್ತಾನೆ. ಈ ಮನೆಯ ಮಗಳಿಗೆ ಈ ವರ್ಷ ಕಂಕಣಭಾಗ್ಯ ಇದೆಯೇ, ಮಳೆ ಬರುತ್ತದೆಯೇ, ಅಮ್ಮಾವ್ರು ಅಕ್ಕಿ ಕೊಡುತ್ತಾರೆಯೇ ಎಂದಾಗ ಬಸವ ಗಂಭೀರವಾಗಿ ತಲೆಯಾಡಿಸುತ್ತಾನೆ. ರಾಮ ಮತ್ತು ಸೀತೆ ಎಂದು ಹೆಸರಿಟ್ಟ ಎರಡು ರಾಸುಗಳ ಮುನಿಸು, ರಾಜಿ ಮತ್ತು ಮದುವೆಯನ್ನೂ ಆಡಿಸುವುದುಂಟು.

ಆಧುನಿಕ ಹಾಸ್ಯತುಣುಕಿನ ಎಲ್ಲ ಅಂಗಗಳೂ ಇದರಲ್ಲಿವೆ. ಒಬ್ಬ ಮಾತುಗಾರ, ಒಬ್ಬ ಮೌನಿ. ಮಾತುಗಾರ ಎಷ್ಟು ಒದ್ದಾಡಿದರೂ ಕೊನೆಯ ತೀರ್ಪು ಮೌನಿಯದು. ಸಭಿಕರು ನಗುವುದು ಎತ್ತಿಗೆ ಮಾತು ಅರ್ಥವಾಯಿತೆಂದು ನಂಬಿ ಅಲ್ಲ. ಒಂದು ಮನೆಯ ಮುಖ್ಯ ತೀರ್ಮಾನವನ್ನು ಎತ್ತಿನ ತಲೆಯಾಟಕ್ಕೆ ಬಿಟ್ಟಿರುವ ಏರ್ಪಾಡಿಗೆ ಅವರು ನಗುತ್ತಾರೆ.

ದಸರಾ ಮೆರವಣಿಗೆಯಲ್ಲೂ ಊರ ಜಾತ್ರೆಗಳಲ್ಲೂ ಕಾಣುವ ಕೀಲುಕುದುರೆಯದು ಬೇರೆ ತಂತ್ರ. ಬಿದಿರು ಮತ್ತು ಬಟ್ಟೆಯ ಕುದುರೆಯ ನಡುವೆ ನಟ ಸೊಂಟದವರೆಗೆ ಇಳಿದು ನಿಂತಿರುತ್ತಾನೆ. ನೋಡುವವರಿಗೆ ಮೇಲೆ ರಾಜ, ಕೆಳಗೆ ಕುದುರೆ. ಆದರೆ ಕುಣಿಯುವ ಕಾಲು ಮನುಷ್ಯನದು. ಸವಾರನೂ ಅವನೇ, ಕುದುರೆಯೂ ಅವನೇ. ಕುದುರೆ ಹಟ ಮಾಡಿದಂತೆ, ರಾಜ ಅದನ್ನು ಸಂಭಾಳಿಸುವಂತೆ ಒಂದೇ ದೇಹ ಎರಡು ಪಾತ್ರ ಮಾಡಿದಾಗ ಮಕ್ಕಳಿಗೂ ಗುಟ್ಟು ತಿಳಿಯುತ್ತದೆ. ತಿಳಿದ ಮೇಲೂ ನಗು ನಿಲ್ಲುವುದಿಲ್ಲ. ಹುಲಿವೇಷದಲ್ಲೂ ಹೀಗೆಯೇ. ಮೈಗೆ ಬಳಿದ ಬಣ್ಣ, ಕುಣಿತದ ಹದ ಭಯ ಹುಟ್ಟಿಸಬೇಕು. ನಡುವೆ ಹುಲಿ ಅಂಗಡಿಯವನ ಮುಂದೆ ನಿಂತು ಕಾಸು ಕೇಳಿದಾಗ ಆ ಭಯ ಕಳಚಬೇಕು.

ಈ ಸೀಮೆಗೆ ಹೊರಗಿನಿಂದ ಬಂದು ನೆಲೆಯಾದ ಪ್ರಾಣಿಗಳೂ ಇವೆ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ 1960ರ ದಶಕದ ಆರಂಭದಿಂದ, ಹುಣಸೂರು ತಾಲ್ಲೂಕಿನ ಗುರುಪುರದ ಬಳಿ 1970ರ ದಶಕದಿಂದ ಟಿಬೆಟನ್ ನಿರಾಶ್ರಿತರ ವಸತಿಗಳಿವೆ. ಟಿಬೆಟನ್ನರ ಜನಪದ ಕಲೆಯಲ್ಲಿ ಯಾಕ್ ನೃತ್ಯ ಮತ್ತು ಹಿಮಸಿಂಹದ ನೃತ್ಯ ಜನಪ್ರಿಯ. ಎರಡರಲ್ಲೂ ಒಂದೇ ಚರ್ಮದೊಳಗೆ ಇಬ್ಬರು ನಟರು. ಮುಂದಿನವನಿಗೆ ತಲೆ ಮತ್ತು ಮುಂಗಾಲು, ಹಿಂದಿನವನಿಗೆ ಬೆನ್ನು ಮತ್ತು ಹಿಂಗಾಲು. ಹಿಂದಿನವನಿಗೆ ದಾರಿ ಕಾಣದು. ಮುಂದಿನವನನ್ನು ನಂಬಿ ಕುಣಿಯಬೇಕು. ಕಪ್ಪು ಕೂದಲಿನ ಯಾಕ್ ಇದ್ದಕ್ಕಿದ್ದಂತೆ ಸಭಿಕರತ್ತ ನುಗ್ಗಿದಾಗ ಮೊದಲು ಕಿರುಚಾಟ, ಮರುಕ್ಷಣ ನಗು. ಇಂಗ್ಲೆಂಡಿನ ರಂಗಭೂಮಿಯಲ್ಲೂ ಇಬ್ಬರು ನಟರ ಕುದುರೆ ಇಂದಿಗೂ ಹಾಸ್ಯದ ಸರಕು. ಪರಸ್ಪರ ಕಾಣದ ಎರಡು ಸಂಸ್ಕೃತಿಗಳು ಒಂದೇ ಉಪಾಯಕ್ಕೆ ಬಂದಿರುವುದು ಆ ಉಪಾಯದ ಬಲವನ್ನು ತೋರಿಸುತ್ತದೆ.

ಕುದುರೆತಲೆಯ ಮನುಷ್ಯ

ಕನ್ನಡ ರಂಗಭೂಮಿಯ ಅತ್ಯಂತ ಪ್ರಸಿದ್ಧ ವಿಚಿತ್ರ ಪ್ರಾಣಿಪಾತ್ರ ಗಿರೀಶ ಕಾರ್ನಾಡರ 'ಹಯವದನ' (1971) ನಾಟಕದ್ದು. ಮನುಷ್ಯದೇಹಕ್ಕೆ ಕುದುರೆಯ ತಲೆ ಹೊತ್ತು ಬರುವ ಈ ಪಾತ್ರಕ್ಕೆ ಒಂದೇ ಕೋರಿಕೆ: ತಾನು ಪೂರ್ಣನಾಗಬೇಕು. ದೇವಿಯ ಮೊರೆಹೊಕ್ಕಾಗ ದೇವಿ ವರವನ್ನೇನೋ ಕೊಡುತ್ತಾಳೆ. ಆದರೆ ಪೂರ್ಣ ಮನುಷ್ಯನನ್ನಾಗಿ ಮಾಡುವ ಬದಲು ಪೂರ್ಣ ಕುದುರೆಯನ್ನಾಗಿ ಮಾಡುತ್ತಾಳೆ. ಮನುಷ್ಯನ ಧ್ವನಿಯೊಂದು ಮಾತ್ರ ಉಳಿದುಬಿಡುತ್ತದೆ. ಕೊನೆಗೆ, ನಗುವನ್ನೇ ಮರೆತಿದ್ದ ಮಗುವೊಂದು ಈ ಮಾತನಾಡುವ ಕುದುರೆಯನ್ನು ಕಂಡು ನಗುತ್ತದೆ. ಮಗುವಿನೊಡನೆ ನಗಲು ಹೋದ ಕುದುರೆಯ ನಗು ಕೆನೆತವಾಗಿ ಮಾರ್ಪಟ್ಟು, ಅದು ಕಡೆಗೂ ಪೂರ್ಣವಾಗುತ್ತದೆ.

ಪ್ರಾಣಿಪಾತ್ರ ಬರೆಯುವವರಿಗೆ ಈ ನಾಟಕ ಒಂದು ಪಾಠ. ಹಯವದನ ಎಲ್ಲಿಯೂ ತಮಾಷೆ ಮಾಡುವುದಿಲ್ಲ. ತನ್ನ ಸಂಕಟವನ್ನು ಅಳುತ್ತಲೇ ಹೇಳಿಕೊಳ್ಳುತ್ತಾನೆ. ಪ್ರೇಕ್ಷಕ ನಗುವುದು ಆ ಸಂಕಟದ ಸತ್ಯಕ್ಕೂ ಕುದುರೆಯ ಮುಖಕ್ಕೂ ಇರುವ ಅಂತರಕ್ಕೆ. ನಕ್ಕು ಮುಗಿದ ಮೇಲೆ ಅರೆಬರೆ ಬಾಳು ತನ್ನದೂ ಅಲ್ಲವೇ ಎಂದು ಅವನಿಗೆ ಅನ್ನಿಸುತ್ತದೆ.

ಕಿರುತೆರೆಯ ಐದು ನಿಮಿಷ

ಬೆಂಗಳೂರು ದೂರದರ್ಶನ ಕೇಂದ್ರದ ನಂತರ 1994ರಲ್ಲಿ ಉದಯ ಟಿವಿ, 2000ದಲ್ಲಿ ಈಟಿವಿ ಕನ್ನಡ, 2006ರಲ್ಲಿ ಜೀ ಕನ್ನಡ ಬಂದವು. ಮೊದಲು ಹಾಸ್ಯವೆಂದರೆ 'ಪಾಪ ಪಾಂಡು', 'ಸಿಲ್ಲಿ ಲಲ್ಲಿ'ಯಂಥ ಧಾರಾವಾಹಿಗಳು. ಅಲ್ಲಿ ಪಾತ್ರ ಬೆಳೆಯಲು ತಿಂಗಳುಗಳ ಅವಕಾಶವಿತ್ತು. 2016ರಲ್ಲಿ ಜೀ ಕನ್ನಡದಲ್ಲಿ ಆರಂಭವಾದ 'ಕಾಮಿಡಿ ಕಿಲಾಡಿಗಳು' ಮಾದರಿಯ ಸ್ಪರ್ಧೆಗಳಲ್ಲಿ ಆ ಅವಕಾಶವಿಲ್ಲ. ಕೆಲವೇ ನಿಮಿಷಗಳಲ್ಲಿ ಪಾತ್ರ ಪರಿಚಯವಾಗಬೇಕು, ಕಥೆ ತಿರುಗಬೇಕು, ತೀರ್ಪುಗಾರರೂ ನಗಬೇಕು. ಇಂಥಲ್ಲಿ ಪ್ರಾಣಿವೇಷಕ್ಕೆ ದೊಡ್ಡ ಅನುಕೂಲವಿದೆ. ನಟ ಬಾಲ ಕಟ್ಟಿಕೊಂಡು ಬಂದೊಡನೆ ಪರಿಚಯ ಮುಗಿದಿರುತ್ತದೆ. ನರಿ ಎಂದರೆ ಕುತಂತ್ರ, ಕತ್ತೆ ಎಂದರೆ ದುಡಿತ, ಎಮ್ಮೆ ಎಂದರೆ ನಿರ್ಲಿಪ್ತಿ ಎಂಬ ತಿಳಿವಳಿಕೆ ಪ್ರೇಕ್ಷಕನಲ್ಲಿ ಮೊದಲೇ ಇದೆ. ಕನ್ನಡಕ್ಕೆ ಪಂಚತಂತ್ರವನ್ನು ತಂದ ಹನ್ನೊಂದನೆಯ ಶತಮಾನದ ದುರ್ಗಸಿಂಹನ ಕಾಲದಿಂದಲೂ ಆ ಬಂಡವಾಳ ಕೂಡುತ್ತಾ ಬಂದಿದೆ.

ಆದರೆ ವೇಷವೊಂದೇ ಸಾಲದು. ಯಶಸ್ವಿಯಾದ ಪ್ರಾಣಿಪಾತ್ರಗಳನ್ನು ಗಮನಿಸಿದರೆ ಕೆಲವು ನಿಯಮಗಳು ಕಾಣುತ್ತವೆ.

ಮೊದಲನೆಯದು, ಸುಳ್ಳು ಒಂದೇ ಇರಬೇಕು. ಹುಲಿ ಮಾತನಾಡುತ್ತದೆ ಎಂಬ ಒಂದು ಸುಳ್ಳನ್ನು ಒಪ್ಪಿಕೊಂಡ ಮೇಲೆ ಉಳಿದದ್ದೆಲ್ಲ ನಿಜವಾಗಿರಬೇಕು. ಹುಣಸೂರು, ಪಿರಿಯಾಪಟ್ಟಣ ಭಾಗ ವರ್ಜೀನಿಯಾ ತಂಬಾಕಿಗೆ ಹೆಸರಾದದ್ದು. ಹುಲಿಯೊಂದು ರೈತನ ಜಮೀನಿಗೆ ಬಂದು ಬ್ಯಾರನ್ ಪಕ್ಕ ಕುಳಿತು, 'ಹರಾಜಿನಾಗೆ ಈ ಸಲ ಏನ್ ರೇಟು ಗೌಡ್ರೇ? ಸೌದೆ ಸಾಲ ತೀರ್ತಾ?' ಎಂದು ಕೇಳಿತೆಂದು ಊಹಿಸಿಕೊಂಡರೆ, ನಗೆ ಬರುವುದು ಹುಲಿಯ ಗರ್ಜನೆಯಿಂದಲ್ಲ. ಆ ಪ್ರಶ್ನೆ ಅಕ್ಷರಶಃ ಸರಿಯಾಗಿರುವುದರಿಂದ. ರೇಟು, ಸೌದೆ, ಸಾಲ ಇವುಗಳಲ್ಲಿ ಒಂದು ತಪ್ಪಿದರೂ ಈ ಸೀಮೆಯ ಪ್ರೇಕ್ಷಕ ನಗುವುದಿಲ್ಲ.

ಎರಡನೆಯದು, ಜೊತೆಯ ಪಾತ್ರ ಅಚ್ಚರಿಪಡಬಾರದು. 'ಮಾಂಟಿ ಪೈಥಾನ್' ತಂಡದ 1969ರ ಪ್ರಸಿದ್ಧ ಸತ್ತ ಗಿಳಿಯ ತುಣುಕಿನಲ್ಲಿ ಅಂಗಡಿಯವನು ಗಿಳಿ ಸತ್ತಿದೆ ಎಂದು ಕೊನೆಯವರೆಗೂ ಒಪ್ಪುವುದಿಲ್ಲ. ವಿಶ್ರಾಂತಿ ಪಡೆಯುತ್ತಿದೆ ಎನ್ನುತ್ತಾನೆ. ಗಿಳಿ ಏನನ್ನೂ ಮಾಡುವುದಿಲ್ಲ. ಇಬ್ಬರು ಮನುಷ್ಯರ ಹಟವೇ ಅಲ್ಲಿಯ ಹಾಸ್ಯ. ಹುಲಿಯನ್ನು ಕಂಡು ಗೌಡರು ಓಡಿದರೆ ತುಣುಕು ಅಲ್ಲಿಗೇ ಮುಗಿಯಿತು. 'ಕೂತ್ಕಳಪ್ಪ, ಕಾಪಿ ಕುಡೀತೀಯಾ' ಎಂದರೆ ಮುಂದುವರಿಯುತ್ತದೆ.

ಮೂರನೆಯದು, ವೇಷ ಪೂರ್ಣವಾಗಿರಬಾರದು. ಹುಲಿಯ ಕೈಯಲ್ಲಿ ಗಡಿಯಾರ, ಕಾಲಲ್ಲಿ ಹವಾಯಿ ಚಪ್ಪಲಿ ಕಾಣಬೇಕು. ಕಂಪ್ಯೂಟರ್ ತಂತ್ರದಿಂದ ಸೃಷ್ಟಿಸಿದ, ನಿಜವೇ ಎನ್ನಿಸುವ ಹುಲಿ ವಿಸ್ಮಯ ಹುಟ್ಟಿಸೀತು, ನಗೆಯನ್ನಲ್ಲ. 1976ರಿಂದ 1981ರವರೆಗೆ ನಡೆದ 'ಮಪೆಟ್ ಷೋ'ದ ಕಪ್ಪೆ, ಕರಡಿಗಳು ಬಟ್ಟೆಯ ಗೊಂಬೆಗಳೆಂದು ಎಲ್ಲರಿಗೂ ಗೊತ್ತಿತ್ತು. ಭಾರತದಲ್ಲಿ 2006ರಲ್ಲಿ ಬಂದ 'ಗಲ್ಲಿ ಗಲ್ಲಿ ಸಿಮ್ ಸಿಮ್'ನ ಬೂಂಬಾ ಗುಲಾಬಿ ಬಣ್ಣದ ಸಸ್ಯಾಹಾರಿ ಸಿಂಹ. ಬಣ್ಣವೇ ಸಿಂಹದ ಗಾಂಭೀರ್ಯವನ್ನು ಅರ್ಧ ಕಳೆದಿತ್ತು, ಊಟ ಉಳಿದರ್ಧವನ್ನು ಕಳೆಯಿತು.

ನೀನೆಂಬುದೋ, ನೀವೆಂಬುದೋ?

ಕನ್ನಡಕ್ಕೆ ಈ ವಿಷಯದಲ್ಲಿ ತನ್ನದೇ ಆದ ಒಂದು ಸೌಕರ್ಯವಿದೆ: ನೀನು ಮತ್ತು ನೀವು ಎಂಬ ಭೇದ. ನಾಯಿಯನ್ನು ಬಹುವಚನದಲ್ಲಿ ಕರೆದೊಡನೆ ಅರ್ಧ ಹಾಸ್ಯ ಸಿದ್ಧವಾಗುತ್ತದೆ. ಪುರಂದರದಾಸರು ನಾಯಿಯನ್ನು ನಾಯಕರೆಂದು ಸಂಬೋಧಿಸಿ ಅದರ ಊಟೋಪಚಾರ ವಿಚಾರಿಸಿದ ಕೀರ್ತನೆ ಇಂದಿಗೂ ಮಕ್ಕಳನ್ನು ನಗಿಸುವುದು ಈ ಕಾರಣಕ್ಕೆ. ಗ್ರಂಥಸ್ಥ ಕನ್ನಡ ಮಾತನಾಡುವ ಕತ್ತೆ, ಮಂಡ್ಯ-ಮೈಸೂರು ಗ್ರಾಮ್ಯ ಆಡುವ ಸಿಂಹ, ಕಚೇರಿ ಭಾಷೆಯಲ್ಲಿ ನೋಟಿಸ್ ಓದುವ ಆನೆ ಹೀಗೆ ಭಾಷೆಯ ಸ್ತರ ಬದಲಿಸುವುದೇ ವೇಷಕ್ಕಿಂತ ಅಗ್ಗದ, ವೇಷಕ್ಕಿಂತ ಪರಿಣಾಮಕಾರಿಯಾದ ಉಪಾಯ.

ಮಾತೇ ಆಡದ ಪ್ರಾಣಿಯೂ ನಗಿಸಬಲ್ಲದು. 'ಸಂಪತ್ತಿಗೆ ಸವಾಲ್' (1974) ಚಿತ್ರದಲ್ಲಿ ಎಮ್ಮೆಯ ಮೇಲೆ ಕುಳಿತು ರಾಜ್‌ಕುಮಾರ್ ಹಾಡುವ ಹಾಡಿನ ಸೊಗಸಿನಲ್ಲಿ ಆ ಎಮ್ಮೆಯ ಪಾಲೂ ಇದೆ. ಸುತ್ತ ಏನೇ ಆದರೂ ಅದಕ್ಕೆ ಲೆಕ್ಕವಿಲ್ಲ. 'ಕಾಮಿಡಿ ಕಿಲಾಡಿಗಳು' ಮೊದಲ ಆವೃತ್ತಿಯ ವಿಜೇತ ಶಿವರಾಜ್, ಕೆ.ಆರ್.ನಗರಕ್ಕೆ ಹೊಂದಿಕೊಂಡಿರುವ ಕೆ.ಆರ್.ಪೇಟೆಯ ಹೆಸರನ್ನು ತಮ್ಮ ಹೆಸರಿಗೇ ಸೇರಿಸಿಕೊಂಡವರು. ಅವರು ನಾಯಕರಾಗಿ ನಟಿಸಿದ 'ನಾನು ಮತ್ತು ಗುಂಡ' (2020) ಚಿತ್ರದಲ್ಲಿ ಆಟೊ ಚಾಲಕನಿಗೆ ಜೊತೆಯಾದದ್ದು ಒಂದು ನಾಯಿ. ಕಿರುತೆರೆಯಲ್ಲಿ ಮಾತಿನಿಂದ ಗೆದ್ದ ನಟನ ಎದುರು ಮಾತಿಲ್ಲದ ಪಾತ್ರವನ್ನು ನಿಲ್ಲಿಸಿದ್ದು ಕೋಲೆಬಸವನ ಅಂಗಳದ ಸೂತ್ರವೇ.

ಚರ್ಮದೊಳಗೆ ಮನುಷ್ಯನೇ ಏಕೆ?

ಪ್ರಾಣಿಪಾತ್ರವನ್ನು ಮನುಷ್ಯನೇ ಮಾಡುವುದಕ್ಕೆ ಕಾನೂನಿನ ಕಾರಣವೂ ಇದೆ. ಕರಡಿ, ಕೋತಿ, ಹುಲಿ, ಚಿರತೆ ಮತ್ತು ಸಿಂಹಗಳನ್ನು ಪ್ರದರ್ಶನಕ್ಕಾಗಿ ಪಳಗಿಸುವುದನ್ನು ಕೇಂದ್ರ ಸರ್ಕಾರ 1998ರ ಅಧಿಸೂಚನೆಯ ಮೂಲಕ ನಿಷೇಧಿಸಿತು. 2001ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅದೇ ವರ್ಷ ಬಂದ ನಿಯಮಗಳಂತೆ ಇತರ ಪ್ರಾಣಿಗಳನ್ನು ಪ್ರದರ್ಶನಕ್ಕೆ ಬಳಸುವುದಕ್ಕೂ ನೋಂದಣಿ ಕಡ್ಡಾಯವಾಯಿತು. ಮೂಗಿಗೆ ಹಗ್ಗ ಪೋಣಿಸಿ ಊರೂರು ತಿರುಗಿಸುತ್ತಿದ್ದ ಕರಡಿಗಳಿಗೆ ಬನ್ನೇರುಘಟ್ಟದಲ್ಲಿ ಪುನರ್ವಸತಿ ಕೇಂದ್ರ ಆರಂಭವಾಯಿತು. ಹೀಗೆ ಕುಣಿಯುತ್ತಿದ್ದ ಕೊನೆಯ ಕರಡಿಯೆಂದು ಗುರುತಿಸಲಾದ 'ರಾಜು' 2009ರಲ್ಲಿ ಬಿಡುಗಡೆ ಕಂಡಿತು.

ಕರಡಿ ಕುಣಿತಕ್ಕೆ ನಗುತ್ತಿದ್ದ ಮಂದಿ ಅದರ ಮೂಗಿನ ಗಾಯವನ್ನು ಕಾಣುತ್ತಿರಲಿಲ್ಲ. ವೇಷದ ಕರಡಿಯಲ್ಲಿ ಆ ಗಾಯವಿಲ್ಲ. ಬೆವರುವವನು ಒಪ್ಪಿಕೊಂಡು ಬೆವರುತ್ತಾನೆ, ಅದಕ್ಕೆ ಸಂಭಾವನೆ ಪಡೆಯುತ್ತಾನೆ. ಇನ್ನೊಂದು ಲಾಭವೂ ಉಂಟು. ದೇಹಗಾತ್ರ, ಮೈಬಣ್ಣ, ಹೆಣ್ಣುವೇಷ, ತೊದಲುಮಾತುಗಳನ್ನು ಹಂಗಿಸಿ ನಗಿಸುವ ಸುಲಭದ ದಾರಿ ಕಿರುತೆರೆಯಲ್ಲಿ ಸವೆದಿದೆ. ಅದರಿಂದ ನೋಯುವವರು ಮನೆಯಲ್ಲೇ ಕುಳಿತು ನೋಡುತ್ತಿರುತ್ತಾರೆ. ಸಾಲಗಾರ ಹುಲಿಗೆ, ಭಾಷಣ ಮಾಡುವ ನರಿಗೆ ನಕ್ಕಾಗ ಯಾವ ಮನೆಯ ಮಗುವೂ ಮರುದಿನ ಶಾಲೆಯಲ್ಲಿ ಅಡ್ಡಹೆಸರು ಹೊರಬೇಕಾಗಿಲ್ಲ.

ನಗೆಯ ಗಡಿ

ಹಾಗೆಂದು ಪ್ರಾಣಿಹಾಸ್ಯಕ್ಕೆ ಮಿತಿಯೇ ಇಲ್ಲವೆಂದಲ್ಲ. ವಾಸ್ತವವೇ ಕೆಲವೊಮ್ಮೆ ಹಾಸ್ಯತುಣುಕನ್ನು ಮೀರಿಸುತ್ತದೆ. 2019ರಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ರೈತರೊಬ್ಬರು ಮಂಗಗಳ ಕಾಟಕ್ಕೆ ಬೇಸತ್ತು ತಮ್ಮ ನಾಯಿಗೆ ಹುಲಿಯ ಪಟ್ಟೆ ಬಳಿದ ಸುದ್ದಿ ದೇಶವನ್ನೆಲ್ಲ ನಗಿಸಿತು. ಬೆಳೆ ಕಳೆದುಕೊಳ್ಳುತ್ತಿದ್ದ ಆ ರೈತರಿಗೆ ಅದು ಹಾಸ್ಯವಾಗಿರಲಿಲ್ಲ. ಸುಂದರಬನದಲ್ಲಿ 1986ರಲ್ಲಿ ಜೇನು ಮತ್ತು ಸೌದೆಗೆ ಕಾಡಿಗೆ ಹೋಗುವವರು ತಲೆಯ ಹಿಂಬದಿಗೆ ಮನುಷ್ಯಮುಖದ ಮುಖವಾಡ ಕಟ್ಟಿಕೊಳ್ಳುವ ಪ್ರಯೋಗ ನಡೆಯಿತು. ಹುಲಿ ಹಿಂದಿನಿಂದ ಎರಗುತ್ತದೆ ಎಂಬ ಲೆಕ್ಕಾಚಾರ ಅದರದ್ದು. 2025ರ ಕೊನೆಯಲ್ಲಿ ಬಂಡೀಪುರದ ಅಂಚಿನ ಗ್ರಾಮಗಳಲ್ಲೂ ಅರಣ್ಯ ಇಲಾಖೆ ಇಂಥ ಮುಖವಾಡಗಳನ್ನು ಹಂಚಿತು. ವೇದಿಕೆಯಲ್ಲಿ ನಗಿಸುವ ಮುಖವಾಡ ಹೊಲದಲ್ಲಿ ಜೀವರಕ್ಷಣೆಯ ಸಾಧನವಾಯಿತು.

ಆದ್ದರಿಂದಲೇ ಈ ತಾಲ್ಲೂಕುಗಳಲ್ಲಿ ಯಾವುದಕ್ಕೆ ನಗಬಹುದು ಎಂಬ ಗೆರೆ ತುಸು ಬೇರೆ ಕಡೆ ಬೀಳುತ್ತದೆ. ಹುಲಿಗೆ ನಗಬಹುದು, ಹುಲಿಗೆ ಸಿಕ್ಕವನಿಗೆ ನಗಲಾಗದು. ಬೆಳೆ ತುಳಿದ ಆನೆಯನ್ನು ಪರಿಹಾರದ ಅರ್ಜಿ ಬರೆದುಕೊಡುವ ಗುಮಾಸ್ತನನ್ನಾಗಿ ಮಾಡಿದರೆ ರೈತನೇ ಮೊದಲು ನಗುತ್ತಾನೆ, ಏಕೆಂದರೆ ಅಲ್ಲಿ ಹಾಸ್ಯಕ್ಕೆ ಗುರಿಯಾದದ್ದು ಅವನು ವರ್ಷವಿಡೀ ಅಲೆದ ಕಚೇರಿ. ಓಡುತ್ತಾ ಪಂಚೆ ಕಳೆದುಕೊಂಡ ರೈತನನ್ನೇ ಗುರಿ ಮಾಡಿದರೆ ಅದೇ ಮನೆಯಲ್ಲಿ ಚಾನೆಲ್ ಬದಲಾಗುತ್ತದೆ.

ಪ್ರೀತಿಗೂ ಇಲ್ಲಿ ಗಡಿಯುಂಟು. ದಸರಾ ಗಜಪಯಣ ಹೊರಡುವುದು ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಿಂದ. ಎಚ್.ಡಿ.ಕೋಟೆಯ ಬಳ್ಳೆ ಶಿಬಿರದ ಅರ್ಜುನ 2012ರಿಂದ 2019ರವರೆಗೆ ಎಂಟು ಬಾರಿ ಚಿನ್ನದ ಅಂಬಾರಿ ಹೊತ್ತಿದ್ದ. 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನಲ್ಲಿ ಕಾಡಾನೆ ಕಾರ್ಯಾಚರಣೆಯ ವೇಳೆ ಆತ ಸತ್ತಾಗ ಜನ ಮನೆಯವನನ್ನು ಕಳೆದುಕೊಂಡಂತೆ ಅತ್ತರು. ಆನೆಯಿಂದ ನಷ್ಟ ಕಂಡ ಊರುಗಳಲ್ಲೂ ಅರ್ಜುನನ ಚಿತ್ರಕ್ಕೆ ಹೂವಿಟ್ಟವರಿದ್ದರು.

ಒಂದೇ ಪ್ರಾಣಿಯನ್ನು ಹೆದರಿ ನೋಡುವ, ಪೂಜಿಸುವ, ಹೆಸರಿಟ್ಟು ಅಳುವ ಜನರಿಗೆ ಅದನ್ನು ನೋಡಿ ನಗುವುದು ನಾಲ್ಕನೆಯ ಸಂಬಂಧ. ಕಿರುತೆರೆಯ ಬರಹಗಾರರು ಈ ನಾಲ್ಕನ್ನೂ ಅರಿತು ಬರೆದಾಗ ಹಳದಿ ಬಟ್ಟೆಯ ಹುಲಿ ಮರುದಿನ ಹರಾಜು ಕಟ್ಟೆಯ ಮಾತುಕತೆಯಲ್ಲೂ ಬದುಕಿರುತ್ತದೆ. ಅರಿಯದೆ ಬರೆದಾಗ ಅಲ್ಲಿ ಉಳಿಯುವುದು ಬಾಡಿಗೆಗೆ ತಂದ ವೇಷ ಮತ್ತು ಹಿನ್ನೆಲೆಯಲ್ಲಿ ಸೇರಿಸಿದ ನಗುವಿನ ಸದ್ದು ಮಾತ್ರ.